ದಾನಪ್ಪನವರ ಫ್ಲ್ಯಾಟು ಅರಣ್ಯವಾದದ್ದು

೨೦೦೭ನೇ ಇಸವಿಯ ಮೇ ತಿಂಗಳಿನಿಂದ ಜಾರಿಗೆ ಬರುವಂತೆ, ಲಂಡನ್ನಿನ ಸಟನ್‌ನಲ್ಲಿರುವ ದಾನಪ್ಪನವರ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು ಅರಣ್ಯವೆಂದು ಘೋಷಿಸಲಾಗಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಧಾರವಾಡ ಕಡೆಯ ದಾನಪ್ಪನವರು ದಕ್ಷಿಣ ಲಂಡನ್ ಕಾಡುಗಳ ಸಂಯುಕ್ತ ಮಂಡಳಿಯಲ್ಲಿ ಗುಮಾಸ್ತರು. ಆ ವರ್ಷ ಮಂಡಳಿಗೆ ಎರಡು ಆದೇಶ ಒಟ್ಟಿಗೇ ಬಂದವು. ಸಟನ್ ಕಾಡಿನ ನಲವತ್ತೂ ಓಕ್ ಮರಗಳನ್ನು ಕಡಿಯತಕ್ಕದ್ದು. ಕಾಡು ಹಿಡಿದಿಟ್ಟ ಇಂಗಾಲ ಒಂದು ಗ್ರಾಮೂ ಕಡಿಮೆಯಾಗತಕ್ಕದ್ದಲ್ಲ. ತಪ್ಪಿದರೆ ಗುಮಾಸ್ತರ ಹುದ್ದೆ ರದ್ದು. ಕೆಲಸ ಹೋದರೆ ಫ್ಲ್ಯಾಟೂ ಕೈತಪ್ಪುತ್ತದೆಂದು ದಾನಪ್ಪನವರಿಗೆ ನಿಜವಾಗಿ ಹೆದರಿಕೆಯಾಯಿತು.

"ಕಡಿದ ಮರ ಸಾಮಾನಾಗಿ ಬಳಕೆಯಲ್ಲಿ ಇರೋವರೆಗೂ ಅದರ ಇಂಗಾಲ ನಮ್ಮ ಲೆಕ್ಕದಲ್ಲೇ ಇರುತ್ತೆ," ಎಂದರು ಮೇಲಧಿಕಾರಿ ಶೇಷಾದ್ರಿ, ಮೈಸೂರಿನವರು. "ಕುರ್ಚಿಗೆ ಹನ್ನೆರಡು ವರ್ಷ, ಬೇಲಿಗೆ ಹದಿನೈದು. ಇನ್ನೂ ಬಾಳಿಕೆ ಬರೋದು ಏನಾದ್ರೂ ಇದೆಯಾ ದಾನಪ್ಪನವರೇ?"

ದಾನಪ್ಪನವರು ಮನೆಗೆ ಬಂದು ಹೆಂಡತಿಯನ್ನು ಕೇಳಿದರು. ಗಿರಿಜಾದೇವಿ ಜೋಳದ ರೊಟ್ಟಿ ಬಡಿಯುತ್ತಿದ್ದರು. "ಈ ರೊಟ್ಟಿ ಮಣಿ ನಿಮ್ಮವ್ವ ನನಗ ಕೊಟ್ಟಿದ್ದು. ಅವರಿಗೆ ಅವರ ಅತ್ತಿ ಕೊಟ್ಟಿದ್ರು. ನೂರಾ ಇಪ್ಪತ್ತು ವರ್ಷ ಆತು. ಏನಾಗೇತ್ರಿ ಇದಕ್ಕ?"

ದಾನಪ್ಪನವರು ಇದನ್ನು ವರದಿ ಮಾಡಿದ್ದೇ ಮಂಡಳಿ ತಡಮಾಡಲಿಲ್ಲ. ನಲವತ್ತೂ ಮರ ಉರುಳಿ ಮೂರು ಸಾವಿರ ರೊಟ್ಟಿ ಮಣೆಗಳಾದವು. ನೂರಾ ಇಪ್ಪತ್ತು ವರ್ಷದ ಬಾಳಿಕೆಗೆ ಜವಾಬ್ದಾರರು ಅದನ್ನು ಹೇಳಿದ ಈ ಒಂದೇ ಮನೆಯವರಾದ್ದರಿಂದ ಅಷ್ಟನ್ನೂ ಅಲ್ಲಿಗೇ ಸಾಗಿಸಲಾಯಿತು. ಅಳತೆಗೆ ಬಂದವರು ಕಾಡಿನ ಇಂಗಾಲವೆಲ್ಲ ಫ್ಲ್ಯಾಟಿನಲ್ಲೇ ಇದೆಯೆಂದು ಬರೆದುಕೊಂಡು, ಬಾಗಿಲಿಗೆ ಪ್ರಕಟಣೆ ಅಂಟಿಸಿ ಹೋದರು:

"ಸಾರ್ವಜನಿಕರು ಸೂರ್ಯಾಸ್ತದವರೆಗೆ ಸಂಚರಿಸಬಹುದು. ನಾಯಿಗಳಿಗೆ ಹಗ್ಗ ಕಡ್ಡಾಯ. ಅರಣ್ಯದಲ್ಲಿ ಬೆಂಕಿ ಹೊತ್ತಿಸುವಂತಿಲ್ಲ."

ಗ್ಯಾಸ್ ಒಲೆಗೆ ಸೀಲು ಬಿತ್ತು. ವಾರದೊಳಗೆ ಇನ್ನೊಂದು ನೋಟೀಸು: ಮಣೆಗಳು ಬಳಕೆಯಲ್ಲಿಲ್ಲ, ರೊಟ್ಟಿ ನಿಂತರೆ ಇಂಗಾಲ ರದ್ದು, ಹುದ್ದೆಯೂ ರದ್ದು.

"ಬಡೀಲಿಕ್ಕೆ ನಾ ತಯಾರದೀನಿ," ಎಂದರು ಗಿರಿಜಾದೇವಿ, ಖುದ್ದು ಪರಿಶೀಲನೆಗೆ ಬಂದಿದ್ದ ಶೇಷಾದ್ರಿಯವರಿಗೆ. "ಸುಡೂದು ಎಲ್ಲೆ?"

ಶೇಷಾದ್ರಿಯವರು ನಿಯಮಾವಳಿ ತಿರುವಿ ಹಾಕಿದರು. "ಹಳೇ ಕಾಡಲ್ಲಿ ಸುಡಬಹುದಮ್ಮ. ಅಲ್ಲೀಗ ಒಂದೂ ಮರ ಇಲ್ಲ, ನಿಯಮ ಅಡ್ಡ ಬರಲ್ಲ."

ಒಲೆ ಅಲ್ಲಿಗೆ ಹೋಯಿತು. ಒಲೆಯ ಹಿಂದೆ ಪಾತ್ರೆ, ಹಾಸಿಗೆ, ಕೊನೆಗೆ ಟಿ.ವಿ. ಗಂಡಹೆಂಡತಿ ಈಗ ಆ ಬಯಲಿನಲ್ಲೇ ಟೆಂಟು ಹಾಕಿಕೊಂಡಿದ್ದಾರೆ. ಮಣೆಗಳು ಸರದಿಯ ಮೇಲೆ ಬಂದು ಮೈಮೇಲೆ ರೊಟ್ಟಿ ಬಡಿಸಿಕೊಂಡು ಮರಳುತ್ತವೆ. ದಾನಪ್ಪನವರ ಹುದ್ದೆ ಕಾಯಂ ಆಗಿದೆ.

ಭಾನುವಾರ ಇಬ್ಬರೂ ಎಲ್ಲರಂತೆ ಫ್ಲ್ಯಾಟಿಗೆ ಹೋಗಿ ಗಾಳಿ ಸೇವಿಸುತ್ತಾರೆ. ದಾನಪ್ಪನವರಿಗೆ ಸೋಫಾ ಬಿಟ್ಟು ಏಳುವ ಮನಸ್ಸಾಗುವುದಿಲ್ಲ.

"ಏಳ್ರಿ, ಹೊತ್ತು ಮುಳುಗಾಕತ್ತೇತಿ," ಎಂದು ಗಿರಿಜಾದೇವಿ ಎಬ್ಬಿಸುತ್ತಾರೆ. "ಕಾಡಿನಾಗ ಇಷ್ಟೊತ್ತು ಕುಂದರಬಾರದು."