ಕಾರಿನ ಬಾಯಾರಿಕೆ

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ನನ್ನ ತಂಗಿಯ ಕಣ್ಣಿನ ಆಪರೇಷನ್ ಪಟ್ಟಿ ಬಿಚ್ಚುವವರಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಬರೀ ಮಂಜು. ಬಿಚ್ಚಿದ ಕೂಡಲೇ ಮೊದಲು ಕಾಣುವುದು ಅಕ್ಕನ ಮುಖವೇ ಆಗಬೇಕು ಅಂತ ಅವಳ ಆಸೆ. ಭೂಮಿ ಬಾಯಿ ಬಿಟ್ಟರೂ ಸರಿ, ಹತ್ತಕ್ಕೆ ಐದು ನಿಮಿಷ ಇರುವಾಗಲೇ ನಿನ್ನ ಮಂಚದ ಪಕ್ಕ ನಿಂತಿರ್ತೀನಿ ಅಂತ ನಾನೂ ಮಾತು ಕೊಟ್ಟೆ. ಅಷ್ಟು ಧೈರ್ಯ ಎಲ್ಲಿಂದ ಬಂತು ಅಂದರೆ, ನಮ್ಮ ಮನೆಯಲ್ಲಿ ಕಾರಿತ್ತು. ಆ ಕಾರನ್ನು ಸಾಕುತ್ತಿದ್ದವಳು ನಾನು!

ನಗಬೇಡಿ. ಓಡಿಸುವವರು ನಮ್ಮ ಯಜಮಾನರೇ. ತೊಳೆಯುವವರು, ಒರೆಸುವವರು, ಬೀದಿಯವರನ್ನೆಲ್ಲ ನಿಲ್ಲಿಸಿಕೊಂಡು ಹೊಗಳುವವರೂ ಅವರೇ. ಪ್ರತಿ ಭಾನುವಾರ ಬಾನೆಟ್ ಎತ್ತಿ, ಇಂಜಿನ್ನನ್ನು ತಂಪಾಗಿಡುವ ನೀರಿನ ಡಬ್ಬಿಯ ಮೇಲೆ ಬಗ್ಗಿ, "ಹದಿನೆಂಟು ವರ್ಷದ ಗಾಡಿ. ಎಂಟು ತಿಂಗಳಿಂದ ಒಂದು ಗೆರೆ ಇಳಿದಿಲ್ಲ" ಅಂತ ಎದೆ ಉಬ್ಬಿಸುತ್ತಿದ್ದರು.

ಇಳಿಯದೆ ಏನು? ದಿನಾ ಇಳಿಯುತ್ತಿತ್ತು. ದಿನಾ ನಾನು ತುಂಬುತ್ತಿದ್ದೆ.

ಒಂದು ಮುಂಜಾನೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಕಾರಿನ ಹೊಟ್ಟೆಯ ಕೆಳಗೆ ತೊಟ್ಟು ತೊಟ್ಟು ಬೀಳುವ ಸದ್ದು ಕೇಳಿತು. ನನ್ನ ಓದು ಮೂರನೇ ಕ್ಲಾಸಿಗೇ ನಿಂತಿತು, ಆದರೆ ಕಿವಿ ಮಾತ್ರ ಯಾವ ಪರೀಕ್ಷೆಗೆ ಕೂತರೂ ಫಸ್ಟ್ ಕ್ಲಾಸು. ಬಾನೆಟ್ ಎತ್ತಿ ನೋಡಿದರೆ ಡಬ್ಬಿ ಅರ್ಧ. ಇವರಿಗೆ ಹೇಳೋಣ ಅಂದುಕೊಂಡೆ. ಆದರೆ ಹಿಂದಿನ ದಿನ ತಾನೇ ಪಕ್ಕದ ಮನೆಯ ಟೈಲರ್ ಮುಂದೆ, ನನ್ನ ಗಾಡಿ ಒಂದು ಹನಿ ಸೋರಲ್ಲ ಅಂತ ಪ್ರತಿಜ್ಞೆ ಮಾಡಿದ್ದರು. ಆ ಮುಖ ಬಾಡಿಸಲು ಮನಸ್ಸು ಬರಲಿಲ್ಲ. ಗಿಡಕ್ಕೆ ಬಾಯಾರಿಕೆ ಆಗುತ್ತೆ, ಕಾರಿಗೆ ಆಗಲ್ವೇ? ಕೈಯಲ್ಲಿದ್ದ ಚೊಂಬಿನಿಂದ ಗೆರೆಯವರೆಗೆ ಹುಯ್ದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ನಾನಲ್ಲ. ದಂಡ ಮಾಡುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಸಂಜೆ ಕಾರು ಬಂದು ನಿಂತ ಮೇಲೆ ಕೆಳಗೊಂದು ಹಳೇ ಬೇಸಿನ್ ತಳ್ಳುತ್ತಿದ್ದೆ. ಬೆಳಗ್ಗೆ ಇವರು ಏಳುವ ಮೊದಲೇ ಅದರಲ್ಲಿ ಸೋರಿ ಬಿದ್ದದ್ದನ್ನು ಮತ್ತೆ ಡಬ್ಬಿಗೇ ಸುರಿಯುತ್ತಿದ್ದೆ. ಸಾಲದಿದ್ದರೆ ಮೇಲೆ ಒಂದಿಷ್ಟು ಬೋರ್‌ವೆಲ್ ನೀರು. ಬೇಸಿನ್ನಿಗೆ ಮಣ್ಣು, ಎಲೆ, ಇರುವೆ ಎಲ್ಲ ಬೀಳುತ್ತಿತ್ತು. ಎಲೆ, ಇರುವೆ ಆರಿಸಿ ತೆಗೆಯುತ್ತಿದ್ದೆ, ಅಷ್ಟು ಶುಚಿ ನನಗೂ ಇದೆ. ಡಬ್ಬಿ ಕಂದು ಬಣ್ಣಕ್ಕೆ ತಿರುಗಿತು. ಇವರು ಗೆರೆ ನೋಡುತ್ತಿದ್ದರೇ ಹೊರತು ಬಣ್ಣ ನೋಡಲಿಲ್ಲ. ಗುಟ್ಟು ಗೊತ್ತಿದ್ದದ್ದು ನನ್ನ ತಂಗಿಗೊಬ್ಬಳಿಗೆ. ಹಾಗಾದ್ರೆ ಭಾವನ ಮಾನ ಈಗ ನಿನ್ನ ಬೇಸಿನ್ನಲ್ಲಿದೆ ಅನ್ನು ಅಂತ ಬಿದ್ದು ಬಿದ್ದು ನಕ್ಕಿದ್ದಳು.

ತಿಂಗಳ ಹಿಂದೆ ಇಂಜಿನ್ನಿನ ಕಡೆಯಿಂದ ಕುಂಯ್ ಅಂತ ಸಣ್ಣ ರಾಗ ಶುರುವಾಯಿತು. ಇವರಿಗೆ ಹೇಳಿದೆ. ನಿನ್ನ ಕಿವಿಗೆ ವಯಸ್ಸಾಯ್ತು ಕಣೇ ಅಂದರು.

ಗುರುವಾರ ಒಂಬತ್ತಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಆ ರಾಗ ಕಿರುಚಾಟವಾಯಿತು. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಬಿಡಾರ ಹೂಡಿತು. ಬಾನೆಟ್ ಸಂದಿಯಿಂದ ಬಿಳಿ ಹಬೆ. ಗಂಟೆ ಒಂಬತ್ತೂವರೆ. ತಂಗಿ ಕಣ್ಣು ಬಿಟ್ಟಾಗ ಎದುರಿಗೆ ಯಾರೋ ಡಾಕ್ಟರ್ ಮುಖ ಇದ್ದರೆ?

ಮೂಲೆಯ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದ. ಬೆಲ್ಟು ಸುತ್ತುವ ಗಾಲಿಯನ್ನು ಕೋಲಿನಿಂದ ತಟ್ಟಿದ. ಅದು ಅಲ್ಲಾಡುವ ಹಲ್ಲಿನ ಹಾಗೆ ಆಡಿತು. ಡಬ್ಬಿಯೊಳಗೆ ಟಾರ್ಚ್ ಬಿಟ್ಟು ಇವರನ್ನು ಮೇಲಿಂದ ಕೆಳಗೆ ನೋಡಿದ.

"ಸಾರ್, ನೀರು ತಿರುಗಿಸೋ ಪಂಪು ಹೋಗಿದೆ. ಮೊದಲು ಸೀಲು ಸೋರಿದೆ. ಆಗಲೇ ತಂದಿದ್ರೆ ಪಂಪೊಂದನ್ನೇ ಬದಲಾಯಿಸಿ ಕಳಿಸ್ತಿದ್ದೆ. ಯಾರೋ ಕೂಲೆಂಟ್ ಬಿಟ್ಟು ಗಡಸು ನೀರು ಹುಯ್ದಿದ್ದಾರೆ, ಜೊತೆಗೆ ಮಣ್ಣು ಬೇರೆ. ತುಕ್ಕು ಹಿಡಿದಿದೆ. ಮಣ್ಣು ಸೀಲನ್ನ ಉಜ್ಜಿ ತಿಂದಿದೆ, ನೀರು ಬೇರಿಂಗಿಗೆ ಇಳಿದಿದೆ. ಬೇರಿಂಗ್ ತಿಂಗಳಿಂದ ಅಳ್ತಿರಬೇಕು, ನೀವು ಕೇಳಿಸ್ಕೊಂಡಿಲ್ಲ."

"ಒಂದು ಹನಿ ಸೋರಿಲ್ಲ ಕಣಪ್ಪಾ. ಎಂಟು ತಿಂಗಳಿಂದ ಗೆರೆ ಇಳಿದಿಲ್ಲ."

"ಹಾಗಾದ್ರೆ ದೇವರೇ ದಿನಾ ಬಂದು ತುಂಬಿಸಿರಬೇಕು ಸಾರ್."

ಇವರು ನನ್ನ ಕಡೆ ತಿರುಗಿದರು. ನಾನು ಎದುರಂಗಡಿಯ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದುವುದರಲ್ಲಿ ಮುಳುಗಿಹೋಗಿದ್ದೆ. ಅಷ್ಟು ಶ್ರದ್ಧೆಯಿಂದ ಶಾಲೆಯಲ್ಲಿ ಓದಿದ್ದರೆ ಇಷ್ಟು ಹೊತ್ತಿಗೆ ಕಲೆಕ್ಟರ್ ಆಗಿರುತ್ತಿದ್ದೆ.

ಪುಣ್ಯಾತ್ಮ ಮೆಕ್ಯಾನಿಕ್ಕೇ ತನ್ನ ಸಾಮಾನಿನ ಗಾಡಿಯಲ್ಲಿ, ಎರಡು ಟೈರುಗಳ ನಡುವೆ ನಮ್ಮನ್ನು ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟ. ಹತ್ತೂ ಇಪ್ಪತ್ತು. ನರ್ಸಮ್ಮ ಬಾಗಿಲಲ್ಲೇ ಸಿಡಿಮಿಡಿಗುಟ್ಟುತ್ತಿದ್ದಳು. ನನ್ನ ತಂಗಿ ಪಟ್ಟಿಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡು, ಅಕ್ಕ ಬರುವ ತನಕ ಮುಟ್ಟಬೇಡಿ ಅಂತ ಹಟ ಹಿಡಿದು ಕೂತಿದ್ದಳಂತೆ.

ಪಟ್ಟಿ ಬಿಚ್ಚಿದರು. ಅವಳು ಎರಡು ಸಲ ಕಣ್ಣು ಮಿಟುಕಿಸಿ ನನ್ನನ್ನೇ ನೋಡಿದಳು. ನನ್ನ ಕೆನ್ನೆಗೆ ತಾಗಿದ ಟೈರಿನ ಮಸಿಯೂ ಕಂಡಿತಂತೆ, ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಯಾಕೆ ತಡವಾಯ್ತು ಅಂದಳು. ಇವರು ಸಾವಿನ ಸುದ್ದಿ ಹೇಳುವವರ ದನಿಯಲ್ಲಿ, ಒಂದು ಹನಿ ಸೋರದ ಕಾರು ಕೈಕೊಟ್ಟಿತಮ್ಮ ಅಂದರು.

"ಅಯ್ಯೋ, ಯಾಕೆ ಭಾವ? ಅಕ್ಕ ಇವತ್ತು ಬೇಸಿನ್ ನೀರು ಹುಯ್ಯೋದು ಮರೆತಳಾ?"

ಕೋಣೆಯಲ್ಲಿ ನರ್ಸಮ್ಮನ ಗಡಿಯಾರದ ಟಿಕ್ ಟಿಕ್ ಕೂಡ ನನ್ನ ಫಸ್ಟ್ ಕ್ಲಾಸ್ ಕಿವಿಗೆ ಕೇಳಿತು.

ಬಸ್ಸಿನಲ್ಲಿ ವಾಪಸ್ ಬಂದೆವು. ನಾಲ್ಕನೇ ದಿನ ಹೊಸ ಪಂಪು ಹಾಕಿಸಿಕೊಂಡು ಕಾರು ಬಂತು. ಮಾರನೇ ಬೆಳಗ್ಗೆ ಗಿಡಕ್ಕೆ ನೀರು ಹಾಕಲು ಹೋದವಳು, ಕೈಗೆ ಅಭ್ಯಾಸ ನೋಡಿ, ಚೊಂಬು ಹಿಡಿದೇ ಬಾನೆಟ್ ಎತ್ತಿಬಿಟ್ಟೆ. ಡಬ್ಬಿಯ ಮೇಲೊಂದು ಚೀಟಿ ಅಂಟಿಸಿತ್ತು. ನನಗೆ ಓದಲು ಬರುವಷ್ಟು ದಪ್ಪ ದಪ್ಪ ಅಕ್ಷರ, ಇವರದೇ ಕೈಬರಹ. ಬೆರಳಿಟ್ಟು ಕೂಡಿಸಿ ಓದಿದೆ.

"ನನಗೆ ಬಾಯಾರಿಕೆ ಇಲ್ಲ. ಗಿಡ ಕಾಯ್ತಿದೆ, ಹೋಗು."