ಹೆಣಗಳ ಊರಿನಲ್ಲಿ ನಾವಿಬ್ಬರು

ಮದುವೆಯಾದ ಹೊಸತರಲ್ಲಿ ಗಂಡ ಆಡಿದ ಮೊದಲ ಮಾತು ಯಾವುದು ಎಂಬ ವಿಷಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆಗಾಗ ಬರುತ್ತದೆ. ಒಬ್ಬರ ಗಂಡ ‘ಊಟ ಆತೇನು?’ ಎಂದನಂತೆ. ಇನ್ನೊಬ್ಬರ ಗಂಡ ಸೀರೆಯ ಬಣ್ಣ ಹೊಗಳಿದನಂತೆ. ನನ್ನ ಸರದಿ ಬರುವಷ್ಟರಲ್ಲಿ ನಾನು ಊಟದ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದುಬಿಡುತ್ತೇನೆ. ಏಕೆಂದರೆ ನಮ್ಮವರು ನನ್ನೊಂದಿಗೆ ಸಂಕೋಚ ಬಿಟ್ಟು ಆಡಿದ ಮೊದಲ ಮಾತು, ‘ತಲಿಗೆ ಹೊಡಿ, ತಲಿಗೆ!’ ಎಂದು.

ನಾನು ಸಿಂದಗಿಯಿಂದ ಇಂಡಿಗೆ ಸೊಸೆಯಾಗಿ ಬಂದವಳು. ನಮ್ಮವರದು ಬಸ್ ಸ್ಟ್ಯಾಂಡಿನ ಹತ್ತಿರ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಬೆಳೆಗೆ ಹೊಡೆಯುವುದು, ಒಗ್ಗರಣೆಯದಲ್ಲ. ದ್ರಾಕ್ಷಿಯ ರೋಗದ ಬಗ್ಗೆ ರೈತರೊಂದಿಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ನನ್ನೆದುರು ಬಂದರೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದಾಗ ಇಬ್ಬರೂ ಫ್ಯಾನು ನೋಡುತ್ತ ಕೂಡುತ್ತಿದ್ದೆವು. ಹೀಗೆ ಒಂದು ದಿನ, ಅವರು ಟಿವಿಗೆ ಒಂದು ಪೆಟ್ಟಿಗೆ ಜೋಡಿಸಿ, ನನ್ನ ಕೈಗೊಂದು ಗುಂಡಿಗಳ ರಿಮೋಟು ಕೊಟ್ಟು, ಕ್ಯಾಲೆಂಡರಿನ ಕಡೆ ನೋಡುತ್ತಲೇ, ‘ಇಬ್ರು ಆಡೂ ಆಟ ಐತಿ’ ಎಂದರು.

ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುವ ಆಟ. ಪರದೆ ಎರಡು ಭಾಗ. ಮೇಲಿನದು ಅವರದು, ಕೆಳಗಿನದು ನನ್ನದು. ಇದ್ದದ್ದು ಒಂದೇ ದಾರಿ. ಆಸ್ಪತ್ರೆಯ ಓಣಿಯಂಥ ಇಕ್ಕಟ್ಟಿನ ಹಾದಿ, ಅದರ ಕೊನೆಗೆ ಕಬ್ಬಿಣದ ಬಾಗಿಲಿನ ಒಂದು ಕೋಣೆ. ಅಲ್ಲಿ ಸೇರಿ ಬಾಗಿಲು ಹಾಕಿಕೊಂಡರೆ ಬದುಕಿದಂತೆ. ಎಡಕ್ಕೆ ಹೋಗುತ್ತೇನೆಂದರೆ ಗೋಡೆ, ಬಲಕ್ಕೆ ಹೋಗುತ್ತೇನೆಂದರೆ ಗೋಡೆ. ಒಬ್ಬರು ಕೆಳಗೆ ಬಿದ್ದರೆ ಇನ್ನೊಬ್ಬರು ಕೈ ಹಿಡಿದು ಎಬ್ಬಿಸಲೇಬೇಕು, ಬೇರೆ ಉಪಾಯವಿರಲಿಲ್ಲ. ಹೀಗಾಗಿ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುವುದನ್ನು ನಾವು ಸಂಸಾರದಲ್ಲಿ ಕಲಿಯುವ ಮೊದಲು ಅಲ್ಲಿ ಕಲಿತೆವು. ಒಮ್ಮೆ ಇಬ್ಬರಿಗೂ ಗಾಯವಾಗಿ, ಉಳಿದಿದ್ದ ಒಂದೇ ಒಂದು ಔಷಧಿಯ ಗಂಟನ್ನು ಅವರು ನನಗೆ ಕೊಟ್ಟು ತಾವು ಕುಂಟುತ್ತ ನಡೆದರು. ಮದುವೆಯಲ್ಲಿ ಕೊಟ್ಟ ಬಂಗಾರದ ಬಳೆಗಿಂತ ಆ ಗಂಟು ನನಗೆ ಹೆಚ್ಚು ಹಿಡಿಸಿತು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಗೆ ಹೇಳುವುದು?

ನಮ್ಮ ಕೂಗಾಟ ಕೇಳಿ ಪಕ್ಕದ ಮನೆಯ ಹಸೀನಾಬಿ ಒಂದು ಸಲ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದರು. ಅತ್ತೆ ಅವರನ್ನು ಬಾಗಿಲಲ್ಲೇ ತಡೆದು, ‘ಏನಿಲ್ಲವಾ, ಗಂಡ ಹೆಂಡ್ತಿ ಕೂಡಿ ಹೆಣಾ ಹೊಡ್ಯಾಕತ್ತಾರ’ ಎಂದು ಸಮಾಧಾನ ಮಾಡಿ ಕಳಿಸಿದರು.

ಆಮೇಲೆ ಮಗಳು ಹುಟ್ಟಿದಳು, ನನಗೆ ನೌಕರಿಯಾಯಿತು, ಪೆಟ್ಟಿಗೆ ಅಟ್ಟ ಸೇರಿತು. ಈಗ ಮಗಳು ಹೈಸ್ಕೂಲು. ಈ ಬೇಸಿಗೆಯಲ್ಲಿ ಅವಳು ಮುದ್ದೇಬಿಹಾಳದ ತನ್ನ ಸೋದರತ್ತೆಯ ಮನೆಗೆ ಹೋದಾಗ ಮನೆಯಲ್ಲಿ ಮತ್ತೆ ಹಳೆಯ ಮಧ್ಯಾಹ್ನಗಳು ಬಂದವು. ನಮ್ಮವರು ಹುರುಪಿನಿಂದ ಹೊಸ ಆಟ ತಂದರು. ಅವರಿಗೊಂದು ಕಂಪ್ಯೂಟರು, ನನಗೊಂದು, ಕಿವಿಗೆ ಹೆಡ್‌ಫೋನು.

‘ಇದರಾಗ ಗೋಡಿನ ಇಲ್ಲ ನೋಡು. ಇಡೀ ಜಿಲ್ಲಾದಷ್ಟು ಜಾಗಾ ಐತಿ. ಎಲ್ಲಿ ಬೇಕಾದ್ರೂ ಹೋಗಬಹುದು’ ಎಂದರು.

ಎಲ್ಲಿ ಬೇಕಾದರೂ ಹೋದರು. ನಾನು ಬಂದೂಕು ಹಿಡಿದು ತಿರುಗಿ ನೋಡುವಷ್ಟರಲ್ಲಿ ಬಗಲಲ್ಲಿ ಗಂಡ ಇಲ್ಲ. ನಕಾಶೆಯಲ್ಲಿ ಅವರ ಚುಕ್ಕೆ ಇಂಡಿಯಿಂದ ಹೊರ್ತಿಯಷ್ಟು ದೂರ.

‘ಏನ್ ಮಾಡಾಕತ್ತೀರಿ?’

‘ಮೊಳಿ, ತಂತಿ ಆರಿಸಾಕತ್ತೇನಿ. ಮುಂದ ಉಪಯೋಗ ಬರ್ತಾವು.’

‘ಇಲ್ಲಿ ನನ್ನ ಸುತ್ತ ಗುಂಪು ಬಿದ್ದೈತ್ರಿ!’

‘ಸಾಯಿ. ಮತ್ತ ಆಟದಾಗಿನ ನಮ್ಮ ಮನ್ಯಾಗ ಎದ್ದು ಬರ್ತಿ. ನಾ ಸತ್ರ ಆರಿಸಿದ್ದೆಲ್ಲಾ ಹೋಗ್ತೈತಿ. ನಿನ್ನ ಹತ್ರ ಏನೂ ಇಲ್ಲಲ್ಲ, ಲುಕ್ಸಾನಿಲ್ಲ.’

ಆಟದ ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಹೊಸ ಆಟದಲ್ಲಿ ಯಾರೂ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಆದರೆ ಲುಕ್ಸಾನಿಲ್ಲ ಎಂಬ ಮಾತು ನನಗೆ ಯಾವ ಹೆಣವೂ ಕಚ್ಚದಷ್ಟು ಜೋರಾಗಿ ಕಚ್ಚಿತು. ಹೆಡ್‌ಫೋನು ತೆಗೆದಿಟ್ಟು ಶೇಂಗಾ ಸುಲಿಯಲು ಕುಳಿತೆ. ಮರುದಿನವೂ ಸುಲಿದೆ. ಮನೆಯಲ್ಲಿದ್ದ ಶೇಂಗಾ ಮುಗಿಯಿತೇ ಹೊರತು ಸಿಟ್ಟು ಮುಗಿಯಲಿಲ್ಲ.

ಕೊನೆಗೆ ಅತ್ತೆಯೇ ಕೇಳಿದರು: ‘ಮನಿ ಯಾಕ ಸಪ್ಪ ಆಗೈತಿ? ಹೆಣಾ ಎಲ್ಲಾ ಮುಗದ್ವೇನು?’

ಅವತ್ತು ಮಧ್ಯಾಹ್ನ ನಮ್ಮವರು ಮೈಯೆಲ್ಲ ಧೂಳು ಮಾಡಿಕೊಂಡು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದರು. ರಿಮೋಟು ನನ್ನ ಮುಂದಿಟ್ಟರು. ಆಡಿದೆವು. ಯಾವ ಮೂಲೆಯಿಂದ ಯಾವ ಹೆಣ ಬರುತ್ತದೆಂದು ಕೈಗಳಿಗೆ ಇನ್ನೂ ನೆನಪಿತ್ತು. ಆದರೆ ಆ ಭಯಂಕರ ಆಸ್ಪತ್ರೆ ಚಹಾ ಆರುವುದರೊಳಗೆ ಮುಗಿದುಹೋಯಿತು.

‘ಇಷ್ಟ ಸಣ್ಣದಿತ್ತೇನು ಇದು?’ ಎಂದರು ಅವರು.

‘ನಮಗ ಅವಾಗ ಸಾಕಾಗಿತ್ತಲ್ರಿ’ ಎಂದೆ. ಆಮೇಲೆ ಅವರು ಕ್ಯಾಲೆಂಡರ್ ಓದುವವರಂತೆ ಗೋಡೆ ನೋಡುತ್ತ, ‘ಹಂಗ ಅನಬಾರದಿತ್ತು ನಾನು’ ಎಂದರು.

ಹೊಸ ಆಟಕ್ಕೇ ಮರಳಿದೆವು, ಆದರೆ ಒಂದು ಕರಾರಿನ ಮೇಲೆ: ಒಬ್ಬರ ಕಣ್ಣಿಗೆ ಇನ್ನೊಬ್ಬರು ಕಾಣುವಷ್ಟು ದೂರದಲ್ಲೇ ಇರಬೇಕು. ಕರಾರು ಮಾಡಿದವಳು ನಾನು. ಪಾಲಿಸಿದವರು ಅವರು. ಮೊಳೆ ಕಂಡರೂ ‘ಆರಿಸಲೇನು?’ ಎಂದು ಕೇಳತೊಡಗಿದರು.

ಹೀಗಿರುವಾಗ ದಾರಿಯಲ್ಲಿ ನನಗೊಂದು ಜೀಪು ಸಿಕ್ಕಿತು. ಸುಮ್ಮನೆ ಹತ್ತಿದೆ. ಸುಮ್ಮನೆ ಒಂದು ಗುಂಡಿ ಒತ್ತಿದೆ. ಗಾಡಿ ಓಡಿತು. ನಿಜ ಹೇಳುತ್ತೇನೆ, ಸೈಕಲ್ಲೂ ಬಾರದ ನನಗೆ ಆ ಗಾಳಿ ತಲೆಗೇರಿತು. ಗುಡ್ಡ ದಾಟಿದೆ, ಹೊಲ ದಾಟಿದೆ. ಹಿಂದಿನಿಂದ ‘ಎಲ್ಲಿ ಹೊಂಟಿ? ಒಬ್ಬನ್ನ ಬಿಟ್ಟಿಯಲ್ಲ!’ ಎಂಬ ಕೂಗು ಹೆಡ್‌ಫೋನಿನಲ್ಲೂ ಬಗಲ ಕುರ್ಚಿಯಿಂದಲೂ ಕೇಳಿಸುತ್ತಿತ್ತು. ಅಷ್ಟರಲ್ಲಿ ಎದುರಿಗೆ ಸಮುದ್ರ! ಬಸವನ ಬಾಗೇವಾಡಿಯ ಮೇಲೆ ಹಾದು ಹೋಗಿ ಆಲಮಟ್ಟಿಯ ಹಿನ್ನೀರು ನೋಡಿ, ಇದಕ್ಕಿಂತ ದೊಡ್ಡ ನೀರು ಇರಲಾರದೆಂದು ನಂಬಿ ಬೆಳೆದವಳು ನಾನು.

‘ಸಿಟ್ಟಾಗಬ್ಯಾಡ್ರಿ, ಇಲ್ಲಿ ಬರ್ರಿ, ಸಮುದ್ರ ಐತಿ!’ ಎಂದೆ.

ಬೈಯುತ್ತ ಬೈಯುತ್ತ ಅವರು ಬಂದರು. ಮೊಳೆ, ತಂತಿಗಳ ಮೂಟೆ ಹೊತ್ತು, ಅಷ್ಟು ದೂರ, ನಡೆದುಕೊಂಡು. ಗುಂಡುಗಳೆಲ್ಲ ದಾರಿಯಲ್ಲೇ ಖಾಲಿಯಾಗಿದ್ದವು. ನನ್ನ ಬಗಲಿಗೆ ನಿಂತು ಒಂದು ಗಳಿಗೆ ನೀರು ನೋಡಿದರು. ಬೈಗುಳ ನಿಂತಿತು.

‘ಛಲೋ ಐತಿ’ ಎಂದರು. ಆಮೇಲೆ ಅತ್ತಿತ್ತ ನೋಡಿ, ‘ಜೀಪ್ ಎಲ್ಲಿ?’ ಎಂದರು.

ನಾನು ಸಮುದ್ರದ ಕಡೆ ಬೆರಳು ತೋರಿಸಿದೆ.

ಇಬ್ಬರೂ ನಡೆದೇ ಆಟದ ಮನೆ ಮುಟ್ಟಿದೆವು. ಅವರ ಹತ್ತಿರ ಗುಂಡುಗಳಿರಲಿಲ್ಲ, ನನ್ನ ಹತ್ತಿರ ಇದ್ದವು. ಆದ್ದರಿಂದ ದಾರಿಯುದ್ದಕ್ಕೂ ನನ್ನನ್ನು ಅಂಟಿಕೊಂಡೇ ಬಂದರು. ಕೂಡಿ ನಡೆಯಲೆಂದೇ ನಾನು ಬೇಕಂತ ಜೀಪು ಮುಳುಗಿಸಿದೆನೆಂದು ಅವರು ಹಸೀನಾಬಿಯ ಮುಂದೂ ಹೇಳಿಕೊಂಡು ನಗುತ್ತಾರೆ. ಕೇಳಿದವರೆಲ್ಲ ನನ್ನನ್ನು ಭಾರಿ ಜಾಣೆ ಎಂದುಕೊಂಡಿದ್ದಾರೆ. ಬ್ರೇಕಿನ ಗುಂಡಿ ಯಾವುದೆಂದು ನನಗೆ ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ನಾನಿನ್ನೂ ಯಾರಿಗೂ ಹೇಳಿಲ್ಲ.