ನಮ್ಮೂರಿನ ಹನ್ನೊಂದು ಆಲ್ಕಾಲ್ದೆಗಳು

ನಾನು ಏನು ಕಲಿಯಲು ಹೊರಟರೂ ಹೀಗೇ ಆಗುತ್ತದೆ. ಹೊನ್ನಾಳಿ ಕಡೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಎರಡು ವರ್ಷದಿಂದ ಕಾಲೇಜಿನಿಂದ ಕರೆಯೇ ಇಲ್ಲ. ಆನ್‌ಲೈನ್ ಪಾಠದ ಕಂಪನಿಯೊಂದು ಸ್ಪ್ಯಾನಿಷ್ ಪರೀಕ್ಷೆ ಪಾಸಾದರೆ ಕೆಲಸ ಕೊಡುತ್ತೇನೆಂದಿತು. ಪರೀಕ್ಷೆಗೆ ಕೊಟ್ಟ ಪಾಠ: ನಾಯಕರು ಮತ್ತು ಸರ್ಕಾರಿ ಹುದ್ದೆಗಳು. ನನ್ನದೇ ವಿಷಯ, ಇನ್ನೇನು ಕಷ್ಟ ಅಂದುಕೊಂಡೆ.

ಚನ್ನಗಿರಿ ಬಸ್ಸು

ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. "ಆಲ್ಕಾಲ್ದೆ ಅಂದ್ರೆ ಊರಿನ ಅಧ್ಯಕ್ಷರು... ಅಧ್ಯಕ್ಷರು..."

ಮುಂದಿನ ಸೀಟುಗಳಿಂದ ಮೂರು ತಲೆ ತಿರುಗಿದವು. "ಏನ್ರೀ ಮೇಡಂ, ಕರೆದ್ರಾ?"

ಮೂವರೂ ನಮ್ಮೂರಿನ ಮಾಜಿ ಅಧ್ಯಕ್ಷರೇ. ಅವರಲ್ಲಿ ಕಡೆಯದಾಗಿ ಅಧ್ಯಕ್ಷರಾದವರು ಗೆದ್ದಾಗಲೇ ನಾನು ಹೈಸ್ಕೂಲಿನಲ್ಲಿದ್ದೆ. ಅಧಿಕಾರ ಹೋದರೂ ಕತ್ತು ತಿರುಗುವುದು ನಿಂತಿಲ್ಲವಲ್ಲ ಎಂದು ಇಳಿಯುವವರೆಗೂ ನಗುತ್ತಿದ್ದೆ.

ನ್ಯಾಮತಿಯ ಸಚಿವ ಸಂಪುಟ

ಪದಗಳನ್ನು ಪರಿಚಿತ ಮುಖಗಳಿಗೆ ಅಂಟಿಸಿಕೊಳ್ಳಿ ಎಂದಿತ್ತು ಪುಸ್ತಕ. ನ್ಯಾಮತಿಯ ಮನೆಯಲ್ಲಿ ಅತ್ತೆಯನ್ನು 'ಪ್ರಿಮೇರಾ ಮಿನಿಸ್ತ್ರಾ' ಮಾಡಿದೆ, ಅಂದರೆ ಪ್ರಧಾನಿ. ಅವರಮ್ಮ ಹೇಳಿದ್ದನ್ನೇ ತಿರುಗಿಸಿ ಹೇಳುವ ನನ್ನ ಯಜಮಾನರು 'ಪೋರ್ತಾವೋಸ್', ವಕ್ತಾರ.

"ಮತ್ತೆ ನಿಂದೇನು?" ಅಂದರು ಅತ್ತೆ.

"ವಿರೋಧ ಪಕ್ಷದ ನಾಯಕಿ, ಅತ್ತೆ."

ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. "ಇರ್ಲಿ ಬಿಡು. ಆದ್ರೆ ಅವಿಶ್ವಾಸಕ್ಕೆ ಏನಂತಾರೆ ಅಂತ ಮಾತ್ರ ಕಲಿಯಾಕೆ ಹೋಗಬ್ಯಾಡ."

ಜಗಳೂರಿನಲ್ಲಿ ಪರೀಕ್ಷೆ

ನೆಟ್‌ವರ್ಕ್ ಚೆನ್ನಾಗಿದೆಯೆಂದು ಜಗಳೂರಿನ ಅಕ್ಕನ ಮನೆಯಲ್ಲಿ ಪರೀಕ್ಷೆಗೆ ಕೂತೆ. ವಿಡಿಯೋದಲ್ಲಿ ಬಂದ ಹೆಂಗಸು ನಿಧಾನವಾಗಿ ಸ್ಪ್ಯಾನಿಷ್‌ನಲ್ಲಿ ಕೇಳಿದಳು, "ನಿಮ್ಮೂರಿನ ಆಲ್ಕಾಲ್ದೆ ಯಾರು?"

"ಯಾವ ಆಲ್ಕಾಲ್ದೆ? ಹನ್ನೊಂದು ಜನ ಇದ್ದಾರೆ."

"ಅಧಿಕಾರದಲ್ಲಿರುವವರು?"

"ಒಬ್ಬರು."

"ಉಳಿದ ಹತ್ತು ಜನ?"

"ಅವರೂ ಆಲ್ಕಾಲ್ದೆಗಳೇ. ಹಾಗೆ ಕರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ."

ಒಂದೇ ಒಂದು ವ್ಯಾಕರಣದ ತಪ್ಪಿಲ್ಲದೆ ಹೇಳಿದೆ. ಸಂಜೆಗೆ ಫಲಿತಾಂಶ ಬಂತು: 'ಅಭ್ಯರ್ಥಿಗೆ ಆಲ್ಕಾಲ್ದೆ ಪದದ ಅರ್ಥ ತಿಳಿದಿಲ್ಲ. ಅನುತ್ತೀರ್ಣ.' ಹದಿನೈದು ವರ್ಷ ಸ್ಥಳೀಯ ಸರ್ಕಾರದ ಪಾಠ ಹೇಳಿದವಳು ನಾನು. ಇದ್ದ ಒಂದು ದಾರಿಯೂ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಅಳು ತಡೆದುಕೊಂಡು ನಿಂತಿದ್ದೆ.

"ಲೆಕ್ಚರರ್ ಮೇಡಂ!" ಎಂದು ಯಾರೋ ಕೂಗಿದರು.

ನನ್ನ ಕತ್ತೂ ಥಟ್ಟನೆ ತಿರುಗಿತು.

ನಮ್ಮೂರ ಕಡೆಯ ಬಸ್ಸಿನ ಕಿಟಕಿಯಲ್ಲಿ ಅವರೇ, ನಾನು ಹೈಸ್ಕೂಲಿನಲ್ಲಿದ್ದಾಗ ಗೆದ್ದವರು. "ಬರ್ರಿ, ನಮ್ಮ ಸಾಲಿನಾಗೆ ಒಂದು ಸೀಟ್ ಖಾಲಿ ಐತೆ!"

"ಬಂದೆ ಅಧ್ಯಕ್ಷರೇ," ಎಂದು ಹತ್ತಿ ಅವರ ಪಕ್ಕದಲ್ಲೇ ಕೂತೆ.